ಮಗಳು ನಾಲ್ಕು ಜನರ ಎದುರು ಬಾಯಿ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬಿಟ್ಟುಹೋದದ್ದೇ ಕಾರಣವೇ?

ಕಾಫಿಹೂ (ಅಮ್ಮತ್ತಿ) · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ಎರಡು ವಾರ ತೊಳಲಾಡಿ ಈಗ ಬರೆಯುತ್ತಿದ್ದೇನೆ. ನನ್ನ ಮಗಳಿಗೆ 15 ವರ್ಷ, ಹತ್ತನೇ ತರಗತಿ. ಮನೆಯಲ್ಲಿ ಚೆನ್ನಾಗಿಯೇ ಇರುತ್ತಾಳೆ. ತಮ್ಮನೊಂದಿಗೆ ಜಗಳವಾಡುತ್ತಾಳೆ, ನಾಯಿಯನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಮಾತನಾಡುತ್ತಾಳೆ. ಗೇಟು ದಾಟಿದರೆ ಮಾತ್ರ ಬೇರೆಯೇ ಹುಡುಗಿ.

ಕಳೆದ ತಿಂಗಳು ವಿರಾಜಪೇಟೆಯಲ್ಲಿ ನೆಂಟರ ಮದುವೆ ಇತ್ತು. ಹಿರಿಯರು ಸಾಲಾಗಿ ಕುಳಿತಿದ್ದರು, ಒಬ್ಬೊಬ್ಬರದೇ ಕಾಲು ಮುಟ್ಟುತ್ತಾ ಹೋಗಬೇಕು. ನಾಲ್ಕನೆಯವರ ಬಳಿಗೆ ಬರುವಷ್ಟರಲ್ಲಿ ಅವಳ ಕೈ ನಡುಗುವುದು ನನಗೆ ಕಾಣಿಸಿತು. ಅಲ್ಲೊಬ್ಬರು "ನಾನು ಯಾರು ಹೇಳು ನೋಡೋಣ" ಎಂದು ಕೈ ಹಿಡಿದು ನಿಲ್ಲಿಸಿದರು. ಅವಳಿಗೆ ಉತ್ತರ ಗೊತ್ತಿತ್ತು, ಬಾಯಿಂದ ಹೊರಡಲಿಲ್ಲ. ಸುತ್ತಲಿದ್ದವರು ನಕ್ಕರು. ವಾಲಗ ಶುರುವಾದಾಗ ಹುಡುಕಿದರೆ ಎಲ್ಲೂ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ಗಾಜು ಏರಿಸಿಕೊಂಡು ಕುಳಿತಿದ್ದಳು. ಸ್ವೆಟರಿನ ತೋಳನ್ನು ಬೆರಳು ಮುಚ್ಚುವಂತೆ ಎಳೆದುಕೊಂಡಿದ್ದಳು. ಅಂಚನ್ನು ಕಚ್ಚಿ ಕಚ್ಚಿ ನೂಲು ಬಿಚ್ಚಿಕೊಂಡಿತ್ತು.

ಶಾಲೆಯಲ್ಲಿ ಪಾಠ ಗಟ್ಟಿಯಾಗಿ ಓದಿಸುವ ದಿನ ಬೆಳಿಗ್ಗೆಯೇ ಹೊಟ್ಟೆನೋವು. ಬಸ್ಸಿನಲ್ಲಿ ನಿರ್ವಾಹಕರು ಚಿಲ್ಲರೆ ಕೊಡದಿದ್ದರೆ ಕೇಳುವುದಿಲ್ಲ. ಹೀಗೆ ಒಂದು ವರ್ಷದ ಮೇಲಾಯಿತು. ಶಿಕ್ಷಕರು ಮಾತ್ರ "ತುಂಬ ಒಳ್ಳೆಯ ಹುಡುಗಿ, ಯಾವ ತೊಂದರೆಯೂ ಇಲ್ಲ" ಎನ್ನುತ್ತಾರೆ.

ಇನ್ನೊಂದು ವಿಷಯ. ಅವಳಿಗೆ ಎರಡು ತುಂಬಿದಾಗಿನಿಂದ ನಾಲ್ಕರವರೆಗೆ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ, ಅವಳು ಇಲ್ಲಿ ನನ್ನ ಅತ್ತೆಯ ಬಳಿ ಇದ್ದಳು. ಆ ವಯಸ್ಸಿನಲ್ಲಿ ತಾಯಿಯ ಬಾಂಧವ್ಯ ಕಡಿದುಹೋದರೆ ಮಕ್ಕಳು ಹೀಗಾಗುತ್ತಾರೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ ಎಂದು ಓದಿಕೊಂಡ ನೆಂಟರೊಬ್ಬರು ಹೇಳಿದರು. ಅಂದಿನಿಂದ ನಿದ್ದೆ ಇಲ್ಲ. ಇದು ನಿಜವೇ?

ಬೇಲಿಯಾಚೆ (ಸೋಮವಾರಪೇಟೆ) · ರಾತ್ರಿ 10.05

ತಂಗಿ, ಇಷ್ಟಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಡಿ. ನೆಂಟರು ಬಂದರೆ ನಾವೂ ಅಟ್ಟ ಹತ್ತುತ್ತಿದ್ದವರೇ. ವಯಸ್ಸು ಬಂದಂತೆ ತಾನಾಗಿ ಸರಿಹೋಗುತ್ತದೆ. ಹಾಕಿಗೋ ಎನ್‌ಸಿಸಿಗೋ ಸೇರಿಸಿ. ನಾಲ್ಕು ಜನರ ಜೊತೆ ಬೆರೆತರೆ ಸಂಕೋಚ ಎಲ್ಲಿರುತ್ತದೆ?

ಹಾಸ್ಟೆಲ್ ಹುಡುಗ · ರಾತ್ರಿ 10.31

ಅಣ್ಣ, ನನ್ನ ಅಪ್ಪನೂ ಇದೇ ಮಾತು ಹೇಳಿ ಹಾಕಿಗೆ ಸೇರಿಸಿದ್ದರು. ನನಗೀಗ 19. ಮೈದಾನದಲ್ಲಿ ಚೆಂಡು ಕಾಲಿಗೆ ಬಡಿದರೂ ನನಗೆ ಭಯವಿರಲಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಗೋಲಿನ ಹಿಂದೆ ಕುಳಿತು ನೀರು ಕುಡಿಯುತ್ತಾ ಹರಟುವ ಹತ್ತು ನಿಮಿಷವಿದೆಯಲ್ಲ, ಅದಕ್ಕೆ ಹೆದರುತ್ತಿದ್ದೆ. ಆ ಹತ್ತು ನಿಮಿಷ ತಪ್ಪಿಸಲು ಶೂ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ತರಬೇತುದಾರರಿಗೆ ನಾನು ಬಹಳ ಶಿಸ್ತಿನ ಹುಡುಗನಾಗಿ ಕಾಣುತ್ತಿದ್ದೆ.

ಒಳಗೆ ಏನಾಗುತ್ತದೆ ಎಂದು ಅಕ್ಕನಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ನನ್ನ ಗಮನವೆಲ್ಲ ನನ್ನ ಮೇಲೆಯೇ ಬೀಳುತ್ತಿತ್ತು. ಕಿವಿ ಬಿಸಿಯಾಯಿತು, ಮುಖ ಕೆಂಪಾಗಿರಬೇಕು, ಧ್ವನಿ ನಡುಗಿತು, ಇವರಿಗೆ ಗೊತ್ತಾಯಿತು. ಕೇಳಿದ ಪ್ರಶ್ನೆಯೇ ಮರೆತುಹೋಗುತ್ತಿತ್ತು. ರಾತ್ರಿ ಮಲಗಿದ ಮೇಲೆ ಅದೇ ಎರಡು ನಿಮಿಷವನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ನಾಚಿಕೆ ಸ್ವಭಾವದವರು ಇಷ್ಟೊಂದು ಕಷ್ಟಪಡುವುದಿಲ್ಲ.

ಮನದ ಮಾತು (ಮಡಿಕೇರಿ) · ರಾತ್ರಿ 11.12

ನಾನು ಆಪ್ತ ಸಮಾಲೋಚಕಿ. ಮುಖ ನೋಡದೆ ಇಲ್ಲಿ ಯಾರಿಗೂ ಕಾಯಿಲೆಯ ಹೆಸರು ಕೊಡುವುದಿಲ್ಲ, ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಹಾಸ್ಟೆಲ್ ಹುಡುಗ ಬರೆದ ಎರಡೂ ಲಕ್ಷಣಗಳು, ತನ್ನನ್ನೇ ಗಮನಿಸಿಕೊಳ್ಳುವುದು ಮತ್ತು ಆಮೇಲೆ ಮೆಲುಕು ಹಾಕುವುದು, ಸಾಮಾಜಿಕ ಆತಂಕವನ್ನು ವಿವರಿಸಲು ಮನಃಶಾಸ್ತ್ರಜ್ಞರಾದ ಕ್ಲಾರ್ಕ್ ಮತ್ತು ವೆಲ್ಸ್ 1995ರಲ್ಲಿ ಮುಂದಿಟ್ಟ ಮಾದರಿಯಲ್ಲಿವೆ. ಶೂ ಲೇಸೂ ಇದೆ. ಭಯದಿಂದ ಕಾಪಾಡಿಕೊಳ್ಳಲು ಮಾಡುವ ಇಂಥ ಸಣ್ಣ ಉಪಾಯಗಳೇ ಭಯವನ್ನು ಉಳಿಸಿಬಿಡುತ್ತವೆ. ಲೇಸು ಕಟ್ಟದೆ ಕುಳಿತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ.

ಸಂಕೋಚ ಕಾಯಿಲೆಯಲ್ಲ. ಇತರರು ತನ್ನನ್ನು ಅಳೆಯುತ್ತಾರೆ, ಹೀಗಳೆಯುತ್ತಾರೆ ಎಂಬ ಭಯ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು, ಓದು, ಗೆಳೆತನ, ದಿನಚರಿಗೆ ಅಡ್ಡಿಯಾದರೆ ಆಗ ತಜ್ಞರು ಅದನ್ನು ಗಂಭೀರವಾಗಿ ನೋಡುತ್ತಾರೆ. ಹೆಚ್ಚಿನವರಲ್ಲಿ ಇದು 8ರಿಂದ 15 ವರ್ಷದೊಳಗೆ ಶುರುವಾಗುತ್ತದೆ. ಬೇಲಿಯಾಚೆಯವರೇ, ತಾನಾಗಿ ಸರಿಹೋಗುವ ಮಕ್ಕಳೂ ಇದ್ದಾರೆ, ನಿಜ. ಆದರೆ ಗಲಾಟೆ ಮಾಡದ ಮಕ್ಕಳ ಕಷ್ಟ ಶಾಲೆಯ ಕಣ್ಣಿಗೆ ಬೀಳುವುದಿಲ್ಲ. "ಯಾವ ತೊಂದರೆಯೂ ಇಲ್ಲ" ಎಂಬ ಶಿಕ್ಷಕರ ಮಾತು ನನಗೆ ಸಮಾಧಾನ ಕೊಡುವುದಿಲ್ಲ.

ಬಾಂಧವ್ಯದ ಪ್ರಶ್ನೆಗೆ ನಾಳೆ ಬರೆಯುತ್ತೇನೆ, ಇಲ್ಲಿ ಕರೆಂಟು ಹೋಗಿದೆ.

ಪುಸ್ತಕದ ಹುಳು · ಭಾನುವಾರ ಬೆಳಿಗ್ಗೆ 7.20

ಆ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯಂತೆ ಸದಾ ಜೊತೆಗಿರುವವರ ಪ್ರೀತಿ ಸಿಗದಿದ್ದರೆ ಮನಸ್ಸಿಗೆ ಗಾಯವಾಗುತ್ತದೆ ಎಂದಿದ್ದಾರೆ. ಮೊದಲ ಮೂರು ವರ್ಷ ತಾಯಿ ಮಗುವನ್ನು ಬಿಟ್ಟು ಹೋಗಲೇಬಾರದು. ನೊಂದುಕೊಳ್ಳಬೇಡಿ, ವಿಜ್ಞಾನ ಹೇಳುವುದು ಅದನ್ನೇ.

ಮೂರ್ನಾಡಿನ ಅಜ್ಜಿ · ಬೆಳಿಗ್ಗೆ 7.48

"ತಾಯಿಯಂತೆ ಸದಾ ಜೊತೆಗಿರುವವರು" ಎಂದು ನೀವೇ ಬರೆದಿದ್ದೀರಿ. ಅಜ್ಜಿ ಮತ್ತೆ ಯಾರು? ನನ್ನ ಮೂವರು ಮೊಮ್ಮಕ್ಕಳು ನನ್ನ ಮಗ್ಗುಲಲ್ಲಿ ಮಲಗಿ ಬೆಳೆದವರು. ಜ್ವರ ಬಂದರೆ ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದವಳು ನಾನು. ನನ್ನ ಬಳಿ ಬಿಟ್ಟದ್ದು ಅನಾಥಾಲಯದಲ್ಲಿ ಬಿಟ್ಟಂತಾಯಿತೇ? ಈ ತಾಯಿಗೆ ಇನ್ನಷ್ಟು ನೋವು ಕೊಡಬೇಡಿ.

ಮನದ ಮಾತು (ಮಡಿಕೇರಿ) · ಬೆಳಿಗ್ಗೆ 9.30

ಅಜ್ಜಿ ಹೇಳಿದ್ದೇ ಸರಿ, ಅದಕ್ಕೆ ಅಧ್ಯಯನದ ಬೆಂಬಲವೂ ಇದೆ. ಬೌಲ್ಬಿ ಆ ವರದಿಗೆ ಆಧಾರ ಮಾಡಿಕೊಂಡದ್ದು ಹೆಚ್ಚಾಗಿ ಯುದ್ಧ, ಆಸ್ಪತ್ರೆ, ಅನಾಥಾಲಯಗಳಲ್ಲಿ ಯಾರೂ ಇಲ್ಲದೆ ಉಳಿದ ಮಕ್ಕಳನ್ನು. ಅಗಲಿಕೆಯನ್ನೂ ಪ್ರೀತಿಯೇ ಸಿಗದಿರುವುದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಮನೋವೈದ್ಯ ಮೈಕೆಲ್ ರಟ್ಟರ್ 1972ರಲ್ಲೇ ವಾದಿಸಿದರು. ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ಗಮನಿಸಿದ ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಪ್ರಕಟಿಸಿದ್ದು ಇನ್ನೂ ಸ್ಪಷ್ಟ. ಮಗು ಒಬ್ಬರಿಗೇ ಅಂಟಿಕೊಳ್ಳುವುದಿಲ್ಲ. ಅಪ್ಪ, ಅಜ್ಜ, ಅಜ್ಜಿ, ಹೀಗೆ ಹಲವರೊಂದಿಗೆ ಬಾಂಧವ್ಯ ಬೆಳೆಯುತ್ತದೆ. ತನ್ನ ಅಳುವಿಗೆ ಓಗೊಡುವವರನ್ನು ಮಗು ಹಚ್ಚಿಕೊಳ್ಳುತ್ತದೆ.

ಮನಃಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಗಮನಿಸಿದರು. ಅವರು ರೂಪಿಸಿದ ಪರೀಕ್ಷೆ ಸುಮಾರು 20 ನಿಮಿಷದ್ದು. ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎನ್ನುವುದಕ್ಕಿಂತ, ಬಂದಾಗ ಏನು ಮಾಡಿತು ಎನ್ನುವುದು ಅಲ್ಲಿ ಮುಖ್ಯ. ಓಡಿಬಂದು ತಬ್ಬಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಇಳಿಯಿತೇ? ಮುಖ ತಿರುಗಿಸಿತೇ? ತಬ್ಬಿಕೊಂಡೂ ಸಿಟ್ಟಿನಲ್ಲಿ ಒದ್ದಾಡಿತೇ?

ಈಗ ಹದಿಹರೆಯಕ್ಕೆ ಬರೋಣ. ಭಯವಾದಾಗ ಯಾರ ಬಳಿಗಾದರೂ ಹೋಗಬಹುದು, ಅವರು ನನ್ನನ್ನು ಸಮಾಧಾನಪಡಿಸುತ್ತಾರೆ ಎಂಬ ನಂಬಿಕೆ ಇರುವ ಮಗು ಕ್ರಮೇಣ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವುದನ್ನೂ ಕಲಿಯುತ್ತದೆ. ಆ ನಂಬಿಕೆ ಗಟ್ಟಿಯಿಲ್ಲದ ಹದಿಹರೆಯದವರಲ್ಲಿ ಸಾಮಾಜಿಕ ಆತಂಕ ಹೆಚ್ಚು ಕಾಣಿಸುತ್ತದೆ. ನಡುವಿನ ಕೊಂಡಿಗಳಲ್ಲಿ ಮುಖ್ಯವಾದದ್ದು ಭಾವನೆಯನ್ನು ಅವರು ನಿಭಾಯಿಸುವ ರೀತಿ. ಹಾಗೆಂದು ಬಾಂಧವ್ಯವೊಂದೇ ಹಣೆಬರಹ ಬರೆಯುವುದಿಲ್ಲ. ಹುಟ್ಟಿನಿಂದಲೇ ಹೊಸದಕ್ಕೆ ಬೆಚ್ಚುವ ಸ್ವಭಾವದ ಮಕ್ಕಳಿದ್ದಾರೆ, ಜೆರೋಮ್ ಕೇಗನ್ ದಶಕಗಳ ಕಾಲ ಅಂಥವರನ್ನೇ ಅಧ್ಯಯನ ಮಾಡಿದರು. ಮನೆತನದಲ್ಲಿ ಬರುವ ಆತಂಕವಿದೆ, ಶಾಲೆಯಲ್ಲಿ ಆಡಿಕೊಳ್ಳುವವರಿದ್ದಾರೆ. ಎಲ್ಲವನ್ನೂ ತಾಯಿಯ ಎರಡು ವರ್ಷದ ಮೇಲೆ ಹೊರಿಸುವುದು ಅನ್ಯಾಯ.

ಪುಸ್ತಕದ ಹುಳು · ಬೆಳಿಗ್ಗೆ 9.52

ರಟ್ಟರ್ ವಿಷಯ ನನಗೆ ಗೊತ್ತಿರಲಿಲ್ಲ. "ಬಿಟ್ಟು ಹೋಗಲೇಬಾರದು" ಎಂದದ್ದು ನನ್ನ ಮಾತು, ಬೌಲ್ಬಿಯದಲ್ಲ. ಕಾಫಿಹೂ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಕಾಫಿಹೂ (ಅಮ್ಮತ್ತಿ) · ಬೆಳಿಗ್ಗೆ 10.15

ಪರವಾಗಿಲ್ಲ. ಅಜ್ಜಿ, ನಿಮ್ಮ ಮಾತು ಓದಿ ಅತ್ತೆಯವರಿಗೆ ತೋರಿಸಿದೆ. ಏನೂ ಹೇಳಲಿಲ್ಲ, ಕಣ್ಣು ಒರೆಸಿಕೊಂಡು ಒಳಗೆ ಹೋದರು. ನನ್ನ ಚಿಂತೆಯಲ್ಲಿ, ಅವರ ಎರಡು ವರ್ಷದ ದುಡಿಮೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತೋಟದ ಮನೆ (ಸಿದ್ದಾಪುರ) · ಬೆಳಿಗ್ಗೆ 11.00

ಎಲ್ಲರೂ ಬಾಂಧವ್ಯ ಎನ್ನುತ್ತಿದ್ದೀರಿ, ಮೊಬೈಲ್ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ ಸಂಜೆ ಐದರ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಆನೆ. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರಲ್ಲಿ ಎಷ್ಟೋ ದಿನ ರಜೆ. ಮಗು ಬೆರೆಯುವುದಾದರೂ ಯಾರೊಂದಿಗೆ? ಕೈಗೆ ಮೊಬೈಲ್ ಬರುತ್ತದೆ, ಮನುಷ್ಯರು ಬೇಡವಾಗುತ್ತಾರೆ.

ಬೇಲಿಯಾಚೆ (ಸೋಮವಾರಪೇಟೆ) · ಬೆಳಿಗ್ಗೆ 11.08

ನೂರಕ್ಕೆ ನೂರು ನಿಜ. ಮೊದಲು ಮೊಬೈಲ್ ಕಿತ್ತುಕೊಳ್ಳಬೇಕು.

ಹಾಸ್ಟೆಲ್ ಹುಡುಗ · ಬೆಳಿಗ್ಗೆ 11.26

ದಯವಿಟ್ಟು ಬೇಡ ಅಣ್ಣ. ಎದುರಿಗೆ ಮಾತನಾಡಲಾಗದ ನನಗೆ ಬರೆದು ಮಾತನಾಡಲು ಬರುತ್ತಿತ್ತು. ನನ್ನ ಇಬ್ಬರು ಗೆಳೆಯರು ಹಾಗೆ ಸಿಕ್ಕವರೇ. ರಾತ್ರಿ ಎರಡರವರೆಗೆ ನೋಡುತ್ತಿದ್ದರೆ ತಡೆಯಿರಿ, ಅದು ಬೇರೆ ಮಾತು.

ಗುಡ್ಡದ ಬುಡ (ಮಡಿಕೇರಿ ತಾಲ್ಲೂಕು) · ಬೆಳಿಗ್ಗೆ 11.40

2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಗುಡ್ಡದಡಿ ಹೋಯಿತು. ಮಗನಿಗೆ ಆಗ ಏಳು ವರ್ಷ. ಪರಿಹಾರ ಕೇಂದ್ರದಲ್ಲಿ ಒಂದು ವಾರ ಮಾತೇ ಆಡಲಿಲ್ಲ. ಈಗಲೂ ಜೋರು ಮಳೆ ಬಂದರೆ ಶಾಲೆಗೆ ಹೋಗುವುದಿಲ್ಲ. ಇದೂ ಅದೇ ತೊಂದರೆಯೇ?

ಮನದ ಮಾತು (ಮಡಿಕೇರಿ) · ಬೆಳಿಗ್ಗೆ 11.58

ಮೇಲ್ನೋಟಕ್ಕೆ ಎರಡೂ ಒಂದೇ, ಶಾಲೆ ತಪ್ಪುತ್ತದೆ. ಆದರೆ ಅವನಿಗೆ ಮಳೆಯ ಸದ್ದಿನ ಭಯ, ಜನರ ಕಣ್ಣಿನದಲ್ಲ. ಆಘಾತದ ನೆನಪಿಗೆ ಕೊಡುವ ಚಿಕಿತ್ಸೆ ಬೇರೆ. ಇಷ್ಟು ವರ್ಷವಾದರೂ ಉಳಿದಿದೆ ಎಂದರೆ ದಯವಿಟ್ಟು ತೋರಿಸಿ, ಮುಂದಿನ ಮಳೆಗಾಲದವರೆಗೆ ಕಾಯಬೇಡಿ.

ನಿವೃತ್ತ ಸುಬೇದಾರ್ (ಪೊನ್ನಂಪೇಟೆ) · ಮಧ್ಯಾಹ್ನ 2.10

ನಾನು ಸೈನ್ಯದಲ್ಲಿ 26 ವರ್ಷ ಇದ್ದೆ. ವರ್ಷಕ್ಕೆ ಎರಡು ಸಲ ರಜೆ. ಮೇಲೆ ಓದಿದ ಪರೀಕ್ಷೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಬಂದಾಗ ನನ್ನ ಮಗ ಓಡಿ ಬರುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ನನ್ನ ಟ್ರಂಕನ್ನು ನೋಡುತ್ತಿದ್ದ. ನಾನು "ಬಾ ಇಲ್ಲಿ, ಕೈ ಕುಲುಕು, ಗಂಡಸಲ್ಲವೇ" ಎನ್ನುತ್ತಿದ್ದೆ. ಹೊರಡುವ ದಿನ ಅತ್ತರೆ "ಸೈನಿಕನ ಮಗ ಅಳುತ್ತಾನೆಯೇ" ಎಂದು ಗದರುತ್ತಿದ್ದೆ. ಮೂರನೆಯ ರಜೆಯ ಹೊತ್ತಿಗೆ ಅಳು ನಿಂತಿತ್ತು. ಗಟ್ಟಿಯಾದ ಎಂದು ಹೆಮ್ಮೆಪಟ್ಟೆ.

ಹದಿನಾರರಲ್ಲಿ ಅವನು ಕಾಲೇಜು ಬಿಟ್ಟ. ತರಗತಿಯಲ್ಲಿ ಎದ್ದು ನಿಂತು ತನ್ನ ಹೆಸರು ಹೇಳಲಾಗದೆ ಬಿಟ್ಟ ಎನ್ನುವುದು ನನಗೆ ತಿಳಿದದ್ದು ಎರಡು ವರ್ಷದ ನಂತರ. ಈಗ ಚೆನ್ನಾಗಿದ್ದಾನೆ, ಚಿಕಿತ್ಸೆ ಪಡೆದ, ಕೆಲಸದಲ್ಲಿದ್ದಾನೆ. ಆದರೆ ಅಳು ನಿಲ್ಲಿಸಿದೆನೇ ಹೊರತು ಭಯ ನಿಲ್ಲಿಸಲಿಲ್ಲ. ತೋಟದಲ್ಲಿ ಚರಂಡಿ ಬಿಡದೆ ಮಣ್ಣು ಏರಿಸಿದರೆ ಮಳೆ ನೀರು ಎಲ್ಲಿ ಹೋಗಬೇಕು?

ಮನದ ಮಾತು (ಮಡಿಕೇರಿ) · ಮಧ್ಯಾಹ್ನ 2.45

ಸುಬೇದಾರರೇ, ಇದನ್ನು ಇಲ್ಲಿ ಬರೆದದ್ದಕ್ಕೆ ಕೈಮುಗಿಯುತ್ತೇನೆ. ಜೇಮ್ಸ್ ಗ್ರಾಸ್ ಎಂಬ ಮನಃಶಾಸ್ತ್ರಜ್ಞರ ಪ್ರಯೋಗಗಳಲ್ಲಿ ಕಂಡದ್ದೂ ಇದೇ. 1993ರಲ್ಲಿ ಅವರು ಮತ್ತು ಲೆವೆನ್ಸನ್ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬಾರದು ಎಂದರು. ಅವರ ಮುಖ ಸುಮ್ಮನಾಯಿತು, ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ. ಬದಲಿಗೆ ದೇಹದ ಉದ್ವೇಗದ ಕೆಲವು ಗುರುತುಗಳು ಏರಿದ್ದವು. ಭಾವನೆಯನ್ನು ಅದುಮುವುದು ಒಂದು ದಾರಿ, ಆ ಸನ್ನಿವೇಶವನ್ನೇ ಬೇರೆ ಕಣ್ಣಿನಿಂದ ನೋಡುವುದು ಇನ್ನೊಂದು. "ಎಲ್ಲರೂ ನನ್ನ ನಡುಗುವ ಕೈಯನ್ನೇ ನೋಡುತ್ತಿದ್ದಾರೆ" ಎನ್ನುವುದನ್ನು "ಅಜ್ಜಿಗೆ ನನ್ನ ಗುರುತು ಹಿಡಿಯಬೇಕಾಗಿದೆ, ಅಷ್ಟೇ" ಎಂದು ನೋಡುವುದು. ಸಾಮಾಜಿಕ ಆತಂಕ ಇರುವವರು ಮೊದಲನೆಯದನ್ನು ಹೆಚ್ಚು ಮಾಡುತ್ತಾರೆ, ಎರಡನೆಯದು ಅವರಿಗೆ ಕೈಗೂಡುವುದು ಕಷ್ಟ. ಆದರೆ ಕಲಿಸಬಹುದು.

ಬೇಲಿಯಾಚೆ (ಸೋಮವಾರಪೇಟೆ) · ಮಧ್ಯಾಹ್ನ 3.05

ಹಾಗಾದರೆ ಮಕ್ಕಳನ್ನು ಗದರಲೇಬಾರದೇ? ಅತ್ತಾಗಲೆಲ್ಲ ಮುದ್ದು ಮಾಡಿ, ಬೇಡವೆಂದದ್ದನ್ನೆಲ್ಲ ಬಿಟ್ಟುಬಿಟ್ಟರೆ ನಾಳೆ ಅವರು ಬದುಕುವುದು ಹೇಗೆ?

ನಿವೃತ್ತ ಮೇಷ್ಟ್ರು (ಶನಿವಾರಸಂತೆ) · ಸಂಜೆ 4.20

ಬೇಲಿಯಾಚೆಯವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಎಲ್ಲದರಿಂದ ಬಿಡಿಸಿದರೂ ಮಗು ಮುಳುಗುತ್ತದೆ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದೆ. ಎಂಟನೇ ತರಗತಿಗೆ ಒಬ್ಬ ಹುಡುಗ ಬಂದ, ತೋಟದ ಕೂಲಿಕಾರ್ಮಿಕರ ಲೈನ್ ಮನೆಯವನು. ಮನೆಮಾತು ಕನ್ನಡವಲ್ಲ, ಉಚ್ಚಾರಣೆಗೆ ಇತರರು ನಗುತ್ತಿದ್ದರು. ಓದಲು ಎಬ್ಬಿಸಿದರೆ ಬೆಂಚಿನ ಅಂಚು ಹಿಡಿದು ನಿಲ್ಲುತ್ತಿದ್ದ, ಉಗುರು ಬೆಳ್ಳಗಾಗುವಷ್ಟು. ನಾನು ಕರುಣೆಯಿಂದ ಅವನನ್ನು ಎಬ್ಬಿಸುವುದನ್ನೇ ಬಿಟ್ಟೆ. ವರ್ಷದ ಕೊನೆಗೆ ಅವನು ಹಾಜರಿ ಕೂಗಿದರೂ ಬಾಯಿಬಿಡದಂತಾಗಿದ್ದ. ನನ್ನ ಕರುಣೆಯೇ ಅವನನ್ನು ಮೂಲೆಗೆ ತಳ್ಳಿತ್ತು.

ಒಂಬತ್ತರಲ್ಲಿ ಬೇರೆ ಮಾಡಿದೆ. ಮೊದಲು ನನ್ನೊಬ್ಬನಿಗೇ ಓದಿ ಹೇಳುವುದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಆಮೇಲೆ ನಾನು ಮತ್ತು ಅವನ ಗೆಳೆಯ. ಆಮೇಲೆ ತರಗತಿಯಲ್ಲಿ ಒಂದೇ ಸಾಲು, ಯಾವ ಸಾಲು ಎಂದು ಹಿಂದಿನ ದಿನವೇ ಹೇಳಿಬಿಡುತ್ತಿದ್ದೆ. ನಗುವವರನ್ನು ಕರೆದು ಮಾತನಾಡಿದೆ. ಎಂಟು ತಿಂಗಳು ಹಿಡಿಯಿತು. ಗದರಲಿಲ್ಲ, ಬಿಟ್ಟೂ ಕೊಡಲಿಲ್ಲ.

ಇನ್ನೊಂದು ಮಾತು, ಇದು ನನಗೆ ನಿವೃತ್ತಿಯ ಮೇಲೆ ಹೊಳೆದದ್ದು. ನಮ್ಮ ಮನೆಗಳಲ್ಲಿ ಮಕ್ಕಳನ್ನು ತಿದ್ದಲು ಬಳಸುವ ಒಂದು ವಾಕ್ಯವಿದೆ: "ನೋಡಿದವರು ಏನೆಂದುಕೊಳ್ಳುತ್ತಾರೆ?" ಅತ್ತರೂ ಅದೇ, ನಕ್ಕರೂ ಅದೇ, ಬಟ್ಟೆಗೂ ಅದೇ, ಅಂಕಕ್ಕೂ ಅದೇ. ಹತ್ತು ವರ್ಷ ಅದನ್ನು ಕಿವಿಯಲ್ಲಿ ತುಂಬಿ, ಹದಿನೈದಕ್ಕೆ ಮಗು ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ಹೆದರಿದರೆ "ಯಾಕೆ ಹೆದರುತ್ತೀ" ಎಂದು ಕೇಳುತ್ತೇವೆ.

ಬೇಲಿಯಾಚೆ (ಸೋಮವಾರಪೇಟೆ) · ಸಂಜೆ 4.41

ಮೇಷ್ಟ್ರೇ, ಒಪ್ಪಿದೆ. ಆ ವಾಕ್ಯ ಇವತ್ತು ಬೆಳಿಗ್ಗೆಯೂ ನನ್ನ ಬಾಯಲ್ಲಿ ಬಂದಿದೆ.

ಅಂಗನವಾಡಿ ಟೀಚರ್ (ಪಾಲಿಬೆಟ್ಟ) · ಸಂಜೆ 5.15

ಲೈನ್ ಮನೆಯ ಮಕ್ಕಳ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಅವರ ತಾಯಂದಿರಿಗೆ "ಮಗುವಿನ ಜೊತೆಗಿರಿ" ಎಂದು ಹೇಳಿದರೆ ಅಂದಿನ ಕೂಲಿ ಹೋಗುತ್ತದೆ. ಸಲಹೆ ಕೊಡುವವರು ಅದನ್ನೂ ನೆನೆಯಿರಿ. ನಮ್ಮಲ್ಲಿ ಮಗು ಬೆಳಿಗ್ಗೆ ಅತ್ತರೆ ಅದೇ ಸಹಾಯಕಿ ದಿನವೂ ಎತ್ತಿಕೊಳ್ಳುವಂತೆ ನೋಡಿಕೊಳ್ಳುತ್ತೇವೆ. ವಾರದಲ್ಲಿ ಗುರುತು ಸಿಗುತ್ತದೆ.

ಕಾಫಿಹೂ (ಅಮ್ಮತ್ತಿ) · ರಾತ್ರಿ 8.50

ಎಲ್ಲವನ್ನೂ ಎರಡೆರಡು ಸಲ ಓದಿದೆ. ಆ ದಿನ ಕಾರಿನ ಬಾಗಿಲು ತೆರೆದು ನಾನು ಹೇಳಿದ ಮೊದಲ ಮಾತು ಯಾವುದು ಗೊತ್ತೇ? "ಕಣ್ಣು ಒರೆಸಿಕೋ, ಯಾರಾದರೂ ನೋಡುತ್ತಾರೆ." ಮೇಷ್ಟ್ರೇ, ನಿಮ್ಮ ವಾಕ್ಯ ನನ್ನದೇ.

ಇನ್ನೊಂದೂ ಗೊತ್ತಾಯಿತು. ಇವತ್ತು ಸಂಜೆ ಪಕ್ಕದ ತೋಟದವರು ಬಂದು ಅವಳನ್ನು "ಯಾವ ಕ್ಲಾಸು" ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ "ಹತ್ತನೇ ಕ್ಲಾಸು" ಎಂದೆ. ಎಷ್ಟು ವರ್ಷದಿಂದ ಅವಳ ಉತ್ತರಗಳನ್ನು ನಾನೇ ಹೇಳುತ್ತಿದ್ದೇನೆ? ಈಗ ಎಲ್ಲಿಗೆ ಹೋಗಲಿ, ಏನು ಮಾಡಲಿ ಎಂದು ಯಾರಾದರೂ ಹೇಳಿ.

ಮನದ ಮಾತು (ಮಡಿಕೇರಿ) · ರಾತ್ರಿ 9.25

ಮೊದಲು ಅವಳೊಂದಿಗೆ ಒಂದು ಮಾತು, ಉಪದೇಶವಿಲ್ಲದೆ: "ಆ ದಿನ ನಿನಗೆ ತುಂಬ ಕಷ್ಟವಾಯಿತು, ನಾನು ಅರ್ಥಮಾಡಿಕೊಳ್ಳಲಿಲ್ಲ." ಉತ್ತರಕ್ಕೆ ಕಾಯಬೇಡಿ. ಹದಿನೈದರಲ್ಲೂ ಬಾಂಧವ್ಯ ಕಟ್ಟಲು ಸಾಧ್ಯ.

ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಹೆಚ್ಚಿನ ನೆರವು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೊದಲ ಚಿಕಿತ್ಸೆ ಮಾತಿನದೇ: ಯೋಚನೆಯ ರೀತಿಯನ್ನು ಪರೀಕ್ಷಿಸುವುದು, ಹೆದರಿದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ಮೇಷ್ಟ್ರು ಹೆಸರು ಗೊತ್ತಿಲ್ಲದೆಯೇ ಮಾಡಿದ್ದು ಅದನ್ನೇ. ಔಷಧ ಬೇಕೇ ಎಂದು ವೈದ್ಯರು ಹೇಳುತ್ತಾರೆ. ಮೆಟ್ಟಿಲುಗಳನ್ನು ಅವಳೇ ಆರಿಸಲಿ, ನೀವು ಆರಿಸಬೇಡಿ.

ಮೂರ್ನಾಡಿನ ಅಜ್ಜಿ · ರಾತ್ರಿ 9.40

ಮುಂದಿನ ಮದುವೆಯಲ್ಲಿ "ನಾನು ಯಾರು ಹೇಳು" ಎಂದು ಕೇಳುವ ನಮ್ಮಂಥ ಮುದುಕಿಯರಿಗೂ ಯಾರಾದರೂ ಬುದ್ಧಿ ಹೇಳಿ. ನಾನು ಇನ್ನು ಮೇಲೆ ನನ್ನ ಹೆಸರು ನಾನೇ ಹೇಳಿಬಿಡುತ್ತೇನೆ.

ಕಾಫಿಹೂ (ಅಮ್ಮತ್ತಿ) · ಮುಂದಿನ ಭಾನುವಾರ, ಸಂಜೆ 6.30

ಬುಧವಾರ ಮಡಿಕೇರಿಗೆ ಹೋಗಿ ಬಂದೆವು. ವೈದ್ಯರು ಮೊದಲು ನನ್ನನ್ನು ಹೊರಗೆ ಕೂರಿಸಿ ಅವಳೊಂದಿಗೆ ಮಾತನಾಡಿದರು. ಮುಕ್ಕಾಲು ಗಂಟೆ. ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಅವಳು ಆರಿಸಿಕೊಂಡ ಮೊದಲ ಮೆಟ್ಟಿಲು: ಗೋಣಿಕೊಪ್ಪದ ಅಂಗಡಿಯಲ್ಲಿ ತಾನೇ ಕೇಳಿ ಪೆನ್ನು ಕೊಳ್ಳುವುದು. ನಿನ್ನೆ ಸಂತೆಯಿಂದ ಬರುವಾಗ ಹೋದೆವು. ನಾನು ರಸ್ತೆಯ ಆಚೆ ನಿಂತೆ. ಮೊದಲ ಸಲ ಕೇಳಿದ್ದು ಅಂಗಡಿಯವರಿಗೆ ಕೇಳಿಸಲಿಲ್ಲ, ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಅಲ್ಲೇ ನಿಂತೆ. ಮತ್ತೆ ಕೇಳಿದಳು. ನೀಲಿಯ ಬದಲು ಕಪ್ಪು ಪೆನ್ನು ಕೊಟ್ಟರು, ಅದನ್ನೇ ತಂದಳು.

ಹಾಸ್ಟೆಲ್ ಹುಡುಗನಿಗೆ ಅವಳ ಒಂದು ಪ್ರಶ್ನೆ ಇದೆ, ನನ್ನಿಂದ ಬರೆಸುತ್ತಿದ್ದಾಳೆ. "ನಿಮಗೆ ಈಗ ಕಿವಿ ಬಿಸಿಯಾಗುವುದು ಪೂರ್ತಿ ನಿಂತಿದೆಯೇ?"

ಹಾಸ್ಟೆಲ್ ಹುಡುಗ · ರಾತ್ರಿ 7.05

ಇಲ್ಲ ತಂಗಿ, ಈಗಲೂ ಆಗುತ್ತದೆ. ಮೊನ್ನೆ ತರಗತಿಯಲ್ಲಿ ವಿಷಯ ಮಂಡಿಸುವಾಗಲೂ ಆಯಿತು. ಬಿಸಿಯಾದ ಕಿವಿ ಇಟ್ಟುಕೊಂಡೇ ಹನ್ನೆರಡು ನಿಮಿಷ ಮಾತನಾಡಿದೆ. ಮುಗಿದ ಮೇಲೆ ಪಕ್ಕದವನನ್ನು ಕೇಳಿದೆ, ನನ್ನ ಕಿವಿ ಕೆಂಪಾಗಿತ್ತೇ ಎಂದು. ಅವನು ನೋಡಿಯೇ ಇರಲಿಲ್ಲವಂತೆ, ಮುಂದಿನ ಸರದಿ ಅವನದಾಗಿತ್ತು. ಕಪ್ಪು ಪೆನ್ನು ಬದಲಾಯಿಸಿಕೊಳ್ಳಲು ಯಾವಾಗ ಹೋಗುತ್ತೀ?